ಕೊಳ್ಳೇಗಾಲ ಸೀಮೆಯ ಭೂಪಟ: ಎರಡು ಆಡಳಿತಗಳ ಅಂಚಿನ ನೆಲ

ಕೊಳ್ಳೇಗಾಲದಿಂದ ಹನೂರಿಗೆ ಸಾಗುವ ರಸ್ತೆಯಲ್ಲಿ ಸಿಗುವ ಕಾಮಗೆರೆ ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದೆ. ಆದರೆ ಈ ಸೀಮೆಯ ಹಳೆಯ ನಕ್ಷೆಯನ್ನು ಹುಡುಕುವವರು ಮೈಸೂರಿನ ಕಡತಗಳನ್ನಷ್ಟೇ ನೆಚ್ಚಿಕೊಂಡರೆ ಸಾಲದು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ 1956ರವರೆಗೆ ಉಳಿಯಿತು. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲೇ ಇದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು.

ಯುದ್ಧ ಮುಗಿದೊಡನೆ ಮೈಸೂರು ಸೀಮೆಯ ಸರ್ವೆಗೆ ನೇಮಕಗೊಂಡವನು ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ವಾಯವ್ಯ ಕಡಲಾಚೆಯ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಈತ ಗಡಿ, ಕೆರೆ, ದಾರಿಗಳನ್ನು ಅಳೆಯುವುದರ ಜೊತೆಗೆ ಊರೂರಿನ ಕೈಫಿಯತ್ತು, ಶಾಸನಗಳನ್ನೂ ಸಂಗ್ರಹಿಸಿದನು. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸಹೋದರರ ನೆರವಿಲ್ಲದೆ ಆ ಸಂಗ್ರಹ ಸಾಧ್ಯವಿರಲಿಲ್ಲ. ಅದೇ ವೇಳೆಗೆ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, 1802ರಲ್ಲಿ ಮದ್ರಾಸಿನಲ್ಲಿ ತ್ರಿಕೋನಮಿತಿ ಸರ್ವೆಯನ್ನು ಆರಂಭಿಸಿದನು. ಅವನ ದೊಡ್ಡ ಥಿಯೋಡೊಲೈಟ್ ಅರ್ಧ ಟನ್ನಿನಷ್ಟು ಭಾರವಿತ್ತು. ಅದನ್ನು ಬೆಟ್ಟದ ತುದಿಗಳಿಗೆ ಹೊತ್ತವರ ಹೆಸರುಗಳು ನಕ್ಷೆಗಳಲ್ಲಿಲ್ಲ. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟ ಫ್ರಾನ್ಸಿಸ್ ಬುಕನನ್ ಹನೂರು, ಕೌದಳ್ಳಿಗಳ ಮಾರ್ಗವಾಗಿ ಕಾವೇರಿಪುರದ ಕಣಿವೆಯನ್ನು ಇಳಿದ ವಿವರ 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿದೆ.

ಸರ್ವೆ ಆಫ್ ಇಂಡಿಯಾದ ಹಳೆಯ ಸಂಖ್ಯಾಕ್ರಮದಲ್ಲಿ ಕೊಳ್ಳೇಗಾಲ ಪಟ್ಟಣ 57 ಎಚ್/4, ಹನೂರು 57 ಎಚ್/8, ಮಲೆ ಮಹದೇಶ್ವರ ಬೆಟ್ಟ 57 ಎಚ್/12ನೇ ಹಾಳೆಯಲ್ಲಿ ಬರುತ್ತವೆ. ಪ್ರತಿ ಹಾಳೆಯೂ ಅಕ್ಷಾಂಶ, ರೇಖಾಂಶಗಳಲ್ಲಿ ತಲಾ 15 ಮಿನಿಟುಗಳ ಚೌಕ. 12 ಡಿಗ್ರಿ ಅಕ್ಷಾಂಶದ ದಕ್ಷಿಣಕ್ಕೆ ಬೆಟ್ಟಸಾಲು 58ರ ಹಾಳೆಗಳಿಗೆ ಹೊರಳುತ್ತದೆ. ಒಂದೇ ಕಾಡನ್ನು ನೋಡಲು ಹಲವು ಹಾಳೆಗಳನ್ನು ಜೋಡಿಸಬೇಕು.

ಈ ಹಾಳೆಗಳು ಕೇವಲ ಇತಿಹಾಸಾಸಕ್ತರ ಸೊತ್ತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ರೂಪುಗೊಂಡ ನಿಯಮಗಳು ಗೆಜೆಟಿಯರ್, ಸರ್ವೆ ವರದಿಗಳೊಡನೆ ನಕ್ಷೆಗಳನ್ನೂ ಪುರಾವೆಯೆಂದು ಮಾನ್ಯಮಾಡುತ್ತವೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. 2013ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡು ವನ್ಯಧಾಮವೆಂದು ಘೋಷಿತವಾಯಿತು. ಕಾಡಿನೊಳಗಿನ ಪೋಡೊಂದರ ಹೆಸರು ಹಳೆಯ ಹಾಳೆಯಲ್ಲಿ ಚುಕ್ಕಿಯಾಗಿ ಉಳಿದಿದ್ದರೆ, ಅಲ್ಲಿಯ ಕುಟುಂಬಗಳಿಗೆ ಅದು ದಾಖಲೆ. ಸರ್ವೆಯವರ ಕಣ್ಣಿಗೆ ಬೀಳದ ಪೋಡಿನವರು ಹಿರಿಯರ ಹೇಳಿಕೆ, ಗೋರಿ, ಪೂಜಾಸ್ಥಳಗಳನ್ನು ಸಾಕ್ಷಿಯಾಗಿ ತೋರಿಸಬೇಕಾಗುತ್ತದೆ.