ಹೆಸರಿಲ್ಲದ ಕಥಾನಾಯಕ: ಒಳಮನೆಯ ಕತೆಯಿಂದ ಕಾದಂಬರಿಯವರೆಗೆ

ಕಾದಂಬರಿಕಾರನು ಪ್ರಧಾನ ಪಾತ್ರಕ್ಕೆ ಹೆಸರಿಡದೆ ಬಿಟ್ಟಾಗ ಅದನ್ನು ಆಧುನಿಕ ತಂತ್ರವೆಂದು, ವ್ಯಕ್ತಿಯ ಪರಕೀಯ ಪ್ರಜ್ಞೆಯ ಸಂಕೇತವೆಂದು ವಿವರಿಸುವುದು ವಿಮರ್ಶೆಯ ರೂಢಿ. ಆದರೆ ಕನ್ನಡದ ಮೌಖಿಕ ಪರಂಪರೆಯಲ್ಲಿ ಹೆಸರಿಲ್ಲದ ಕಥಾಪಾತ್ರಕ್ಕೆ ಇದಕ್ಕಿಂತ ಹಳೆಯ ಚರಿತ್ರೆಯಿದೆ. ಆ ಚರಿತ್ರೆಯ ಬೆಳಕಿನಲ್ಲಿ ಆಧುನಿಕ ಕೃತಿಯ ಅನಾಮಿಕತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ, ಹೆಸರು ಎಲ್ಲಿ ಅನಿವಾರ್ಯವೆಂಬುದನ್ನು ಗಮನಿಸಬೇಕು. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ದೊರೆತ ಸುಮಾರು ಕ್ರಿ.ಶ. 450ರ ಶಾಸನವು ವಿಜ ಅರಸನೆಂಬ ವೀರನಿಗೆ ಕೊಟ್ಟ ಬಾಳ್ಗಳ್ಚು ದತ್ತಿಯನ್ನು ದಾಖಲಿಸುತ್ತದೆ. ಪಡೆದವನ ಹೆಸರಿಲ್ಲದೆ ದತ್ತಿ ನಿಲ್ಲದು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ದತ್ತಿ, ಕೀರ್ತಿ, ಹಕ್ಕು ಇವೆಲ್ಲವೂ ಬಯಲಿನ ವ್ಯವಹಾರಗಳು. ಅಲ್ಲಿ ಹೆಸರೇ ಪ್ರಮಾಣ.

ಇದೇ ಸೀಮೆಯಲ್ಲಿರುವ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಂತಹ ಊರುಗಳ ಒಳಮನೆಯ ಕ್ರಮವೇ ಬೇರೆ. ಹಳೆಯ ಮೈಸೂರು ಸೀಮೆಯ ಗ್ರಾಮೀಣ ಕುಟುಂಬಗಳಲ್ಲಿ ಹೆಂಡತಿ ಗಂಡನ ಹೆಸರನ್ನು ಉಚ್ಚರಿಸುವುದು ಬಹುಕಾಲ ಸಲ್ಲದ ಮಾತಾಗಿತ್ತು. ಮದುವೆಯ ಸಂದರ್ಭದಲ್ಲಿ ಹೆಸರು ಹೇಳಿಸುವ ಶಾಸ್ತ್ರವು ಆ ನಿಷೇಧವನ್ನು ಒಂದು ಗಳಿಗೆ ಮಾತ್ರ ಸಡಿಲಿಸುತ್ತಿತ್ತು. ಉಳಿದಂತೆ 'ನಮ್ಮನೆಯವರು', 'ಮಗೀನ ಅಪ್ಪ', 'ಅತ್ತೆಮ್ಮ' ಎಂಬ ಸಂಬಂಧವಾಚಕಗಳೇ ಹೆಸರಿನ ಕೆಲಸ ಮಾಡುತ್ತಿದ್ದವು. ಅಜ್ಜಿಕತೆಗಳು ಹುಟ್ಟಿ ಬೆಳೆದದ್ದು ಈ ಭಾಷಾವಲಯದಲ್ಲಿ. 'ಒಂದೂರಲ್ಲಿ ಒಬ್ಬ ರಾಜ', 'ಬಡ ಮುದುಕಿ', 'ಕಿರಿಯ ಸೊಸೆ' ಎಂದಷ್ಟೇ ಹೇಳಿದರೆ ಅಲ್ಲಿ ಕತೆಗೆ ಸಾಕು.

ಎ.ಕೆ. ರಾಮಾನುಜನ್ ಅವರು 1986ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ತಮಿಳು ಸಂಗಂ ಕಾವ್ಯಮೀಮಾಂಸೆಯ 'ಅಕಂ', 'ಪುರಂ' ಎಂಬ ಪರಿಕಲ್ಪನೆಗಳನ್ನು ಕನ್ನಡ ಜಾನಪದಕ್ಕೆ ಅನ್ವಯಿಸಿದರು. ಅಕಂ ಪ್ರೇಮಕವಿತೆಯಲ್ಲಿ ಪಾತ್ರಗಳಿಗೆ ಹೆಸರು ಸಲ್ಲದು. ಪುರಂ ಕವಿತೆಯು ಅರಸರನ್ನೂ ವೀರರನ್ನೂ ಹೆಸರಿಸಿ ಹಾಡುತ್ತದೆ. ಅಂತೆಯೇ ಅಡುಗೆಮನೆಯ ಕತೆಯ ಪಾತ್ರಗಳು ಸಾಮಾನ್ಯವಾಗಿ ಅನಾಮಿಕ. ವೃತ್ತಿಗಾಯಕರು ಸಭೆಯಲ್ಲಿ ಹಾಡುವ ಜುಂಜಪ್ಪ, ಮಾದೇಶ್ವರರ ಕಾವ್ಯಗಳಿಗೆ ಹೆಸರು, ಊರು, ಕುಲಗಳು ಬೇಕೇಬೇಕು. ಹೀಗೆ ಅನಾಮಿಕತೆಯು ಕಥಕಿಯ ಮರೆವಲ್ಲ, ಪ್ರಕಾರದ ಲಕ್ಷಣ.

ರಾಮಾನುಜನ್ ಸಂಗ್ರಹಿಸಿದ ಹೂವಿನ ಮರದ ಕತೆ ಇದಕ್ಕೆ ಉತ್ತಮ ನಿದರ್ಶನ. ಅವರ ಮರಣಾನಂತರ 1997ರಲ್ಲಿ ಹೊರಬಂದ 77 ಕತೆಗಳ ಸಂಕಲನದ ಶೀರ್ಷಿಕೆಗೂ ಇದೇ ಕತೆ ಆಧಾರ. ಬಡ ಮುದುಕಿಯ ಕಿರಿಯ ಮಗಳು ಎರಡು ಕೊಡ ನೀರಿನಿಂದ ಹೂಮರವಾಗಬಲ್ಲಳು. ಅವಳು ಮಗಳು, ತಂಗಿ, ರಾಜಕುಮಾರನ ಹೆಂಡತಿ. ಇದರಾಚೆ ಅವಳಿಗೆ ಹೆಸರಿಲ್ಲ. ನಾದಿನಿಯ ಬಲವಂತಕ್ಕೆ ಮರವಾದಾಗ ಕೊಂಬೆಗಳು ಮುರಿಯುತ್ತವೆ. ಮತ್ತೆ ಹೆಣ್ಣಾಗಲು ಬೇಕಾದ ನೀರನ್ನು ಸರಿಯಾಗಿ ಎರೆಯುವವರಿಲ್ಲದೆ ಅವಳು ಪೂರ್ತಿ ಹೆಣ್ಣೂ ಅಲ್ಲದ, ಮರವೂ ಅಲ್ಲದ ಮುರುಕು ದೇಹವಾಗಿ ಉಳಿಯುತ್ತಾಳೆ. ಸಂಬಂಧಗಳೇ ಅವಳ ಗುರುತಾಗಿದ್ದುದರಿಂದ ಸಂಬಂಧ ಕೆಟ್ಟಾಗ ಅವಳ ಆಕಾರವೇ ಕೆಡುತ್ತದೆ. ಹೆಸರಿದ್ದರೆ ಇದು ಯಾರೋ ಒಬ್ಬಳ ಪಾಡಾಗುತ್ತಿತ್ತು. ಹೆಸರಿಲ್ಲದ್ದರಿಂದ ಕೇಳುವ ಪ್ರತಿಯೊಬ್ಬ ಸೊಸೆಯೂ ಆ ಸ್ಥಾನದಲ್ಲಿ ನಿಲ್ಲಬಲ್ಲಳು.

ಈ ಕತೆ ಒಳಮನೆಯಿಂದ ಬಯಲಿಗೆ ಬಂದಾಗ ಹೆಸರು ಪಡೆಯಿತು. ಗಿರೀಶ ಕಾರ್ನಾಡರ 1992ರ ಚಲನಚಿತ್ರದಲ್ಲಿ ನಾಯಕಿ 'ಚೆಲುವಿ'ಯಾದಳು. ಅಮೆರಿಕದ ಸಂಯೋಜಕ ಜಾನ್ ಆಡಮ್ಸ್ ಅವರು 2006ರಲ್ಲಿ ವಿಯೆನ್ನಾದಲ್ಲಿ ಪ್ರಸ್ತುತಪಡಿಸಿದ ಸಂಗೀತನಾಟಕದಲ್ಲಿ 'ಕುಮುದಾ' ಆದಳು. ಅಪರಿಚಿತ ಪ್ರೇಕ್ಷಕರ ಎದುರು ಪಾತ್ರವನ್ನು ಗುರುತಿಸಲು ಹೆಸರು ಅಗತ್ಯವೆನಿಸಿದ್ದು ಸಹಜವೇ.

ಕಾದಂಬರಿಯು ಮುದ್ರಣದ, ಅಂದರೆ ಬಯಲಿನ ಪ್ರಕಾರ. ಅಲ್ಲಿ ಹೆಸರನ್ನು ತಡೆಹಿಡಿಯುವುದು ಪ್ರಯತ್ನಪೂರ್ವಕ ಆಯ್ಕೆ. 2013ರಲ್ಲಿ ಪ್ರಕಟವಾದ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕಿರುಕಾದಂಬರಿಯ ನಿರೂಪಕನಿಗೆ ಹೆಸರಿಲ್ಲ. ಅಪ್ಪ, ಅಮ್ಮ, ಚಿಕ್ಕಪ್ಪ ಎಂಬ ಸಂಬಂಧವಾಚಕಗಳೇ ಇಲ್ಲಿಯೂ ಮುಂಚೂಣಿಯಲ್ಲಿವೆ; ಹೊರಗಿನಿಂದ ಬಂದ ಹೆಂಡತಿ ಅನಿತಾಳಿಗೆ, ಕಾಫಿ ಹೌಸ್‌ನ ವಿನ್ಸೆಂಟನಿಗೆ ಹೆಸರುಗಳಿವೆ. ಚಿಕ್ಕಪ್ಪನ ಸಂಪಾದನೆಯಲ್ಲಿ, ದುಡಿಮೆಯಿಲ್ಲದೆ ಬದುಕುವ ಈ ನಿರೂಪಕ ಕುಟುಂಬದೊಳಗೆ ಕರಗಿಹೋದವನು. ಅಜ್ಜಿಕತೆಯಲ್ಲಿ ಅನಾಮಿಕತೆ ನೊಂದವಳಿಗೆ ಆಸರೆ. ಇಲ್ಲಿ ಅದು ಉತ್ತರ ಹೇಳಬೇಕಾದವನಿಗೆ ಮರೆ. ಕುಟುಂಬದ ಕ್ರೌರ್ಯಕ್ಕೆ ಹೊಣೆ ಹೊರಲು ಹೆಸರುಳ್ಳ ವ್ಯಕ್ತಿಯೊಬ್ಬ ಎದ್ದು ನಿಲ್ಲುವುದೇ ಇಲ್ಲ. ಒಂದೇ ಪರಂಪರಾಗತ ಲಕ್ಷಣ ನೈತಿಕವಾಗಿ ತಲೆಕೆಳಗಾದ ಬಗೆ ಇದು.

ಈ ವಿವೇಚನೆಯಿಂದ ಕ್ಷೇತ್ರಕಾರ್ಯಕ್ಕೂ ಒಂದು ಎಚ್ಚರ ದೊರೆಯುತ್ತದೆ. ಸಂಪಾದಕನು ಓದುಗರ ಅನುಕೂಲಕ್ಕೆಂದು ಕತೆಯ ನಾಯಕಿಗೆ ಹೆಸರಿಡುವುದು ಪಠ್ಯದಲ್ಲಿ ಕೈಯಾಡಿಸಿದಂತೆ. ಆದರೆ ಕತೆ ಹೇಳಿದವಳನ್ನು 'ಒಬ್ಬ ಮುದುಕಿ' ಎಂದು ದಾಖಲಿಸುವುದು ಬೇರೆಯೇ ಬಗೆಯ ಲೋಪ. ಕತೆ ಪುಸ್ತಕವಾದೊಡನೆ ಅದು ಹಕ್ಕು, ಕೀರ್ತಿಗಳ ಬಯಲಿಗೆ ಬರುತ್ತದೆ. ಬೇಲೂರಿನ ಶಿಲ್ಪಿಗೆ ಸಂದ ನ್ಯಾಯ ಕಣಕಟ್ಟೆಯ ಕಥಕಿಗೂ ಸಲ್ಲಬೇಕು. ಆಕೆಯ ಒಪ್ಪಿಗೆಯಿದ್ದರೆ ಹೆಸರು, ಊರು, ಹೇಳಿದ ದಿನ ದಾಖಲಾಗಬೇಕು. ಕತೆಯೊಳಗಿನ ಹೆಣ್ಣು ಅನಾಮಿಕಳಾಗಿಯೇ ಉಳಿಯಲಿ. ಹೇಳಿದ ಹೆಣ್ಣು ಹಾಗೆ ಉಳಿಯಬಾರದು.