ಅಂಬೆಗಾಲು

‘ಇನ್ನೂ ಅಂಬೆಗಾಲಿಡುತ್ತಿರುವ ಉದ್ಯಮ’ ಎಂಬ ಮಾತು ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಕಂಡಾಗೆಲ್ಲ ಈಚೆಗೆ ತಕರಾರು ತೆಗೆಯಬೇಕೆನ್ನಿಸುತ್ತದೆ. ಅಲ್ಲಿ ಅದರ ಅರ್ಥ ಎಳಸು, ನಿಧಾನ, ಕೈಲಾಗದ್ದು. ಅಂಬೆಗಾಲಿಡುವ ಮಗುವಿನ ಹಿಂದೆ ಒಂದು ಬೆಳಗ್ಗೆ ಓಡಾಡಿದವರು ಆ ಪದವನ್ನು ಹಾಗೆ ಬಳಸಲಾರರು.

ನಮ್ಮ ಮಗಳು ನಡುಮನೆಯಿಂದ ಅಡುಗೆಮನೆಗೆ ಹೊರಟಳೆಂದರೆ ಅಂಗೈ ಎರಡೂ ನೆಲಕ್ಕೆ ಪಟಪಟ ಬಡಿಯುತ್ತವೆ, ಮಂಡಿಗಳು ಸರಸರ ಹಿಂದೆಯೇ ಬರುತ್ತವೆ. ಅರ್ಧ ದಾರಿಯಲ್ಲಿ ಗಕ್ಕನೆ ನಿಂತು, ಕೂತು, ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ತಿರುಗಿ ನೋಡುತ್ತಾಳೆ. ಬರುತ್ತಿರುವುದು ಖಾತ್ರಿಯಾಯಿತೋ, ಕೇಕೆ ಹಾಕಿ ಇನ್ನಷ್ಟು ಜೋರು. ಒಗ್ಗರಣೆಯಿಂದ ಸಿಡಿದು ಒಲೆಕಟ್ಟೆಯ ಬುಡದಲ್ಲಿ ಬಿದ್ದ ಒಂದು ಸಾಸಿವೆ ಕಾಳು ನನಗೆ ಕಾಣುವುದಿಲ್ಲ, ಅವಳಿಗೆ ಕಾಣುತ್ತದೆ. ಹೆಬ್ಬೆರಳು, ತೋರುಬೆರಳು ಕೂಡಿಸಿ, ಉಸಿರು ಬಿಗಿಹಿಡಿದು, ಎರಡು ಸಲ ಜಾರಿಸಿಕೊಂಡು ಮೂರನೆಯ ಸಲಕ್ಕೆ ಎತ್ತಿಯೇ ಬಿಡುತ್ತಾಳೆ. ಅದು ಬಾಯಿಗೆ ಹೋಗುವುದರೊಳಗೆ ನಾನು ತಲುಪಬೇಕು. ಇದಕ್ಕಿಂತ ಖುಷಿಯ ಓಟ ನನಗೆ ಗೊತ್ತಿಲ್ಲ.

‘ಅಂಬಾ ಅನ್ನೋ ಕರುವಿನ ಕಾಲು ಕಣಮ್ಮಾ ಅದು’ ಎನ್ನುತ್ತಾರೆ ನಮ್ಮತ್ತೆ. ಪಂಡಿತರು ಒಪ್ಪುತ್ತಾರೋ ಇಲ್ಲವೋ, ಹಗ್ಗ ಬಿಚ್ಚಿದ ಕರುವನ್ನು ಕಂಡಿರುವ ನಾನಂತೂ ಒಪ್ಪಿದ್ದೇನೆ. ನೆಲದ ಮೇಲೆ ಸಾಗುವ ಕೂಸಿಗೆ ಕನ್ನಡ ಒಂದೇ ಪದ ಇಟ್ಟು ಸುಮ್ಮನಾಗಿಲ್ಲ ಎಂಬುದು ಅವರ ಬಾಯಿಂದಲೇ ನನಗೆ ತಿಳಿದದ್ದು. ಬೋರಲು ಬಿದ್ದ ಮಗು ಹೊಟ್ಟೆ ಎಳೆದುಕೊಂಡು ಮುಂದೆ ಹೋದರೆ ತೆವಳುವುದು. ಹೊಟ್ಟೆ ನೆಲ ಬಿಟ್ಟು, ಭಾರವೆಲ್ಲ ಅಂಗೈ, ಮಂಡಿಗಳ ಮೇಲೆ ಬಿದ್ದರೆ ಅಂಬೆಗಾಲು. ಕೂತಲ್ಲಿಂದಲೇ ಕುಂಡೆ ಊರಿ ಜರುಗಿದರೆ ದೇಕುವುದು. ಪ್ರತಿದಿನ ಮಕ್ಕಳನ್ನು ನೋಡುತ್ತ ಕೂತವರಲ್ಲದೆ ಇನ್ನಾರು ಇಷ್ಟು ಬಿಡಿಸಿ ಹೆಸರಿಟ್ಟಾರು?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದರೆ ದೊಡ್ಡಮಳೂರು. ಅಲ್ಲಿನ ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ. ಪುರಂದರದಾಸರು ‘ಜಗದೋದ್ಧಾರನ’ ಹಾಡಿದ್ದು ಇಲ್ಲೇ ಎಂಬುದು ಪ್ರತೀತಿ. ಮಕ್ಕಳಾಗಲೆಂದು ಹರಕೆ ಹೊತ್ತವರು ತೊಟ್ಟಿಲು ಒಪ್ಪಿಸುತ್ತಾರೆ. ಬೆಟ್ಟ ಎತ್ತಿದವನನ್ನು, ರಥ ನಡೆಸಿದವನನ್ನು ಬಿಟ್ಟು, ಬೆಣ್ಣೆ ಹಿಡಿದು ಮಂಡಿಯೂರಿದವನ ಮುಂದೆ ಜನ ಕೈಮುಗಿದು ನಿಲ್ಲುತ್ತಾರೆ. ವಾಣಿಜ್ಯ ಪುಟದವರು ಒಮ್ಮೆ ಅಲ್ಲಿಗೆ ಹೋಗಿ ಬರಲಿ ಎಂಬುದು ನನ್ನ ಮನಃಪೂರ್ವಕ ಕೋರಿಕೆ.

ಈ ಪದಕ್ಕೆ ಇನ್ನೊಂದು ಬಳಕೆಯೂ ಉಂಟು, ಅದು ತಾಯಂದಿರನ್ನು ನೋಯಿಸುವಂಥದ್ದು: ‘ಇನ್ನೂ ಅಂಬೆಗಾಲು ಇಟ್ಟಿಲ್ವಾ?’ ಮದುವೆಮನೆಯಲ್ಲಿ, ಲಸಿಕೆ ಹಾಕಿಸುವ ಸಾಲಿನಲ್ಲಿ, ಫೋನಿನಲ್ಲಿ ಅದೇ ಪ್ರಶ್ನೆ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಬೆಗಾಲಿಗೆ ಕೊಟ್ಟ ಅವಧಿ 5.2 ತಿಂಗಳಿಂದ 13.5 ತಿಂಗಳವರೆಗೆ, ಅಂದರೆ ಎಂಟು ತಿಂಗಳಿಗೂ ಹೆಚ್ಚಿನ ಅಂತರ. ಶೇಕಡ 4.3ರಷ್ಟು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಂತೂ 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯಿಂದ ಇದನ್ನು ಕೈಬಿಟ್ಟಿತು. ಮಗುವಿನ ಬಗ್ಗೆ ನಿಜವಾದ ಅನುಮಾನ ಬಂದರೆ ವೈದ್ಯರಿಗೆ ತೋರಿಸಲೇಬೇಕು, ಆದರೆ ನೆಂಟರ ಪ್ರಶ್ನೆಗೆ ಕಣ್ಣೀರು ಹಾಕಬೇಕಿಲ್ಲ.

ಮಗು ಹೊಸ್ತಿಲು ದಾಟಿದ ದಿನ ನಮ್ಮಲ್ಲಿ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅಕ್ಕಪಕ್ಕದವರಿಗೆ ಸಿಹಿ ಹಂಚುತ್ತೇವೆ. ಎದುರುಮನೆಯ ಹುಡುಗ ಅಂಬೆಗಾಲಿಡಲಿಲ್ಲ. ದೇಕುತ್ತ ದೇಕುತ್ತ ಬಾಗಿಲವರೆಗೆ ಬಂದು, ಚೌಕಟ್ಟು ಹಿಡಿದು, ಕುಂಡೆ ಎತ್ತಿ ಆಚೆ ಇಳಿದ. ಇದನ್ನು ಹೊಸ್ತಿಲು ದಾಟಿದ್ದೆಂದು ಲೆಕ್ಕಕ್ಕೆ ಹಿಡಿಯಬಹುದೋ ಬಾರದೋ ಎಂದು ಅವನಮ್ಮ ಅನುಮಾನಿಸುತ್ತ ನಿಂತಿದ್ದಳು. ಒಳಗಿನಿಂದ ಅಜ್ಜಿಯ ಕೂಗು ಬಂತು: ‘ಆಚೆ ಬಂದ ಅಲ್ವೇನೇ? ಕಾಯಿ ತಗೊಂಬಾ!’