ಅಲ್ಪಾಕಾ ಪ್ರದರ್ಶನ: ಉಣ್ಣೆಗೆ ಅರ್ಧ, ಮೈಕಟ್ಟಿಗೆ ಅರ್ಧ

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಶ್ರೇಣಿಯ ಸಾಕುಪ್ರಾಣಿ ಅಲ್ಪಾಕಾ. ಒಂಟೆಯ ಕುಟುಂಬಕ್ಕೆ ಸೇರಿದ, ಲಾಮಾಕ್ಕಿಂತ ಚಿಕ್ಕದಾದ ಈ ಪ್ರಾಣಿಯನ್ನು ಮುಖ್ಯವಾಗಿ ಉಣ್ಣೆಗಾಗಿ ಸಾಕಲಾಗುತ್ತದೆ. 2012ರ ಕೃಷಿ ಗಣತಿಯ ಪ್ರಕಾರ ಪೆರು ದೇಶವೊಂದರಲ್ಲೇ 36 ಲಕ್ಷಕ್ಕೂ ಹೆಚ್ಚು ಅಲ್ಪಾಕಾಗಳಿದ್ದವು. 1984ರಲ್ಲಿ ಅಮೆರಿಕಕ್ಕೆ ಅಲ್ಪಾಕಾಗಳ ಆಮದು ಆರಂಭವಾಯಿತು. ಅನಂತರ ಅಲ್ಲಿ ತಳಿ ನೋಂದಣಿ, ಪ್ರದರ್ಶನ ಹಾಗೂ ತರಬೇತಿ ಪಡೆದ ತೀರ್ಪುಗಾರರ ವ್ಯವಸ್ಥೆ ಬೆಳೆದುಬಂದಿತು. ಬಹುಮಾನ ಗೆದ್ದ ಗಂಡಿನ ಸಂತತಿಗೆ ಬೇಡಿಕೆ ಹೆಚ್ಚು. ಆದ್ದರಿಂದ ತೀರ್ಪುಗಾರರು ಮೆಚ್ಚುವ ಗುಣದ ಕಡೆಗೇ ಮುಂದಿನ ಪೀಳಿಗೆಯೂ ವಾಲುತ್ತದೆ.

ಎರಡು ಬಗೆ

ಅಲ್ಪಾಕಾಗಳಲ್ಲಿ ಹುವಕಾಯಾ ಮತ್ತು ಸೂರಿ ಎಂಬ ಎರಡು ಬಗೆಗಳಿವೆ. ಬಹುಸಂಖ್ಯೆಯಲ್ಲಿರುವುದು ಹುವಕಾಯಾ. ಇದರ ಎಳೆಗಳು ಸಣ್ಣ ಅಲೆಗಳಂತೆ ಸುಕ್ಕುಗಟ್ಟಿ, ಚರ್ಮಕ್ಕೆ ಲಂಬವಾಗಿ ಬೆಳೆದು, ಮೈಗೆ ಉಬ್ಬಿದ ಹತ್ತಿಯ ರೂಪ ಕೊಡುತ್ತವೆ. ಸೂರಿಯ ಎಳೆಗಳು ಜಡೆಗಳಂತೆ ಹೊಸೆದುಕೊಂಡು ಕೆಳಕ್ಕೆ ಇಳಿಬಿದ್ದಿರುತ್ತವೆ. ರೇಷ್ಮೆಯಂಥ ಹೊಳಪೇ ಅದರ ಹೆಗ್ಗುರುತು. ಈ ಎರಡನ್ನೂ ಒಂದೇ ಸ್ಪರ್ಧೆಯಲ್ಲಿ ಹೋಲಿಸಿ ನೋಡುವುದಿಲ್ಲ. ಲಿಂಗ, ವಯಸ್ಸು ಮತ್ತು ಬಣ್ಣಕ್ಕೆ ಅನುಗುಣವಾಗಿಯೂ ವಿಭಾಗಗಳಿರುತ್ತವೆ.

ಪರೀಕ್ಷೆಯ ಕ್ರಮ

ಅಮೆರಿಕದ ಮುಖ್ಯ ಸ್ಪರ್ಧೆಯಲ್ಲಿ ಉಣ್ಣೆಗೂ ಅಂಗಸೌಷ್ಠವಕ್ಕೂ ಸಮಾನ ತೂಕವಿದೆ. ಮೊದಲು ಪ್ರಾಣಿಯನ್ನು ನಡೆಸಿ, ಕಾಲುಗಳು ನೇರವಾಗಿವೆಯೇ, ಬೆನ್ನು ಸಮತಟ್ಟಾಗಿದೆಯೇ ಎಂದು ಗಮನಿಸಲಾಗುತ್ತದೆ. ಅಲ್ಪಾಕಾಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲ. ಕೆಳಗಿನ ಹಲ್ಲುಗಳು ಮೇಲಿನ ಗಟ್ಟಿ ವಸಡಿಗೆ ಸರಿಯಾಗಿ ತಾಗಬೇಕು. ಗಂಡಿನ ವೃಷಣಗಳನ್ನೂ ಪರೀಕ್ಷಿಸಲಾಗುತ್ತದೆ. ಸೊಟ್ಟ ಮುಖ ಮತ್ತು ಹೆಚ್ಚುವರಿ ಬೆರಳು ಗಂಭೀರ ದೋಷಗಳು. ಇವು ಸಂತತಿಗೂ ಹರಿಯಬಹುದೆಂಬುದೇ ಈ ಕಟ್ಟುನಿಟ್ಟಿಗೆ ಕಾರಣ.

ಅನಂತರ ಭುಜ, ಪಕ್ಕೆ ಮತ್ತು ಸೊಂಟದ ಬಳಿ ಉಣ್ಣೆಯನ್ನು ಬಿಡಿಸಿ ಎಳೆಯ ನಯ, ಸಾಂದ್ರತೆ, ಹೊಳಪು ಹಾಗೂ ಏಕರೂಪತೆಯನ್ನು ನೋಡಲಾಗುತ್ತದೆ. ನಯವನ್ನು ಅಳೆಯುವ ಮಾನ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸುಮಾರು 30 ಮೈಕ್ರಾನ್ ಮೀರಿದ ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ. ಮಾರುಕಟ್ಟೆಯಲ್ಲಿ 'ಬೇಬಿ ಅಲ್ಪಾಕಾ' ಎಂದು ಮಾರಾಟವಾಗುವುದು ಮರಿಯ ಉಣ್ಣೆಯೇ ಆಗಿರಬೇಕಿಲ್ಲ. ಅದು ಸುಮಾರು 20ರಿಂದ 23 ಮೈಕ್ರಾನಿನ ದರ್ಜೆಯ ಹೆಸರು ಮಾತ್ರ. ಸ್ಥಾನ ಘೋಷಿಸಿದ ಬಳಿಕ ತೀರ್ಪುಗಾರರು ಅದಕ್ಕೆ ಕಾರಣಗಳನ್ನು ಎಲ್ಲರೆದುರು ವಿವರಿಸುವುದು ವಾಡಿಕೆ. ಕತ್ತರಿಸಿದ ಉಣ್ಣೆಗೆ ನೂರು ಅಂಕಗಳ ಪ್ರತ್ಯೇಕ ಸ್ಪರ್ಧೆಯೂ ಇದೆ.

ಬಹುಮಾನ ಮತ್ತು ಬೆಲೆ

ಬಹುಮಾನದ ಪಟ್ಟಿಯೇ ಪ್ರಾಣಿಯ ಬೆಲೆಯನ್ನು ನಿರ್ಧರಿಸತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವವೇ ನಿದರ್ಶನ. ಅಲ್ಲಿ ನೋಂದಣಿಯನ್ನು ಆಮದು ಪ್ರಾಣಿಗಳಿಗೆ ಮುಚ್ಚಿದ ಮೇಲೆ ಪೂರೈಕೆ ಸೀಮಿತವಾಯಿತು. ತಳಿಪ್ರಾಣಿಗಳು ಸಾವಿರಾರು ಡಾಲರುಗಳಿಗೆ ಮಾರಾಟವಾದವು. ಉಣ್ಣೆಯ ಆದಾಯದಿಂದ ಈ ಬೆಲೆಯನ್ನು ಸಮರ್ಥಿಸಲಾಗದು, ಇದು ಊಹಾಪೋಹದ ಗುಳ್ಳೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಅರ್ಥಶಾಸ್ತ್ರಜ್ಞರಾದ ಟೀನಾ ಸೈಟೋನ್ ಮತ್ತು ರಿಚರ್ಡ್ ಸೆಕ್ಸ್‌ಟನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಚ್ಚರಿಸಿದ್ದರು. ಮುಂದಿನ ವರ್ಷಗಳಲ್ಲಿ ಬೆಲೆ ಕುಸಿಯಿತು.

ಪೆರುವಿನಲ್ಲಿ ಇದೇ ಪಾಠದ ಇನ್ನೊಂದು ಮುಖ ಕಾಣುತ್ತದೆ. ಬಣ್ಣ ಹಾಕಲು ಸುಲಭವೆಂದು ಜವಳಿ ಉದ್ಯಮ ಬಿಳಿ ಉಣ್ಣೆಗೇ ಹೆಚ್ಚಿನ ಬೆಲೆ ಕೊಟ್ಟಿತು. ಪರಿಣಾಮವಾಗಿ ಅಲ್ಲಿನ ಹಿಂಡುಗಳು ಬಹುಪಾಲು ಬಿಳಿಯಾದವು; ಕಪ್ಪು, ಕಂದು, ಬೂದು ಬಣ್ಣದ ಪ್ರಾಣಿಗಳು ವಿರಳವಾದವು. ಇಂದು ಅವುಗಳನ್ನು ಉಳಿಸಲು ಪ್ರತ್ಯೇಕ ಪ್ರಯತ್ನಗಳು ನಡೆದಿವೆ. ನಯವಾದ ಎಳೆಯೊಂದನ್ನೇ ಬೆನ್ನಟ್ಟಿದರೂ ಅಪಾಯವಿದೆ: ಎಳೆ ತೆಳುವಾದಂತೆ ಉಣ್ಣೆಯ ತೂಕ ಇಳಿಯಬಹುದು, ಪ್ರಾಣಿಯ ದೃಢತೆ ಕಡೆಗಣಿಸಲ್ಪಡಬಹುದು.

ಮೈಕಟ್ಟಿಗೂ ಅರ್ಧ ತೂಕ ಮೀಸಲಿಟ್ಟಿರುವುದರ ಅರ್ಥ ಇಲ್ಲಿದೆ. ನಾಲ್ಕು ಸಾವಿರ ಮೀಟರ್ ಎತ್ತರದ ಚಳಿಯಲ್ಲಿ ಮೇಯ್ದು, ಮರಿ ಹಾಕಿ ಬದುಕಬೇಕಾದ ಪ್ರಾಣಿಗೆ ಮೆತ್ತನೆಯ ಉಣ್ಣೆಯಷ್ಟೇ ಗಟ್ಟಿ ಕಾಲುಗಳೂ ಮುಖ್ಯ.